ತೊಟ್ಟಿಲಲ್ಲಿ ಮಲಗಿದ್ದ ಇನ್ನೊಂದು ಕೂಸು

ದಸರಾ ರಜೆಗೆ ತಂಗಿಯ ಮಗಳು ಮೈಸೂರಿಗೆ ಬಂದಿದ್ದಳು. 9 ವರ್ಷದ ಹುಡುಗಿ. ಒಂದು ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಟೀವಿ ಮುಂದೆ ಕೂತೆವು. ರಾಜರ ಕಾಲದ ಹಳೇ ಸಾಹಸದ ಸಿನಿಮಾ ಬರುತ್ತಿತ್ತು. ಹೆಸರು ಬೇಡ, ಇದೇ ಕತೆಯ ಎಷ್ಟೋ ಸಿನಿಮಾ ನೀವೂ ನೋಡಿದ್ದೀರಿ. ಸೇನಾಪತಿ ಮೋಸ ಮಾಡಿ ರಾಜನನ್ನು ಕೊಲ್ಲುತ್ತಾನೆ. ಹಸುಗೂಸು ರಾಜಕುಮಾರನನ್ನು ಯಾರೋ ಎತ್ತಿಕೊಂಡು ಕತ್ತಲಲ್ಲಿ ಓಡುತ್ತಾರೆ. ಕಾಡಂಚಿನ ಗುಡಿಸಲಲ್ಲಿ ಒಬ್ಬಳು ಅವನನ್ನು ಸಾಕುತ್ತಾಳೆ. ಅವನು ದನ ಮೇಯಿಸುತ್ತ, ದೊಣ್ಣೆ ತಿರುಗಿಸುತ್ತ ಬೆಳೆಯುತ್ತಾನೆ. ತೋಳಿನ ಮಚ್ಚೆ, ಕೊರಳಿನ ತಾಯತ, ಗುರುತು ಸಿಗುವುದು, ಕತ್ತಿವರಸೆ, ಪಟ್ಟಾಭಿಷೇಕ. ಕಿರೀಟ ತಲೆಗೇರಿತು, ಹೂವು ಸುರಿಯಿತು, ಶುಭಂ ಅಂತ ಬಂತು. ನಾನು ರಿಮೋಟು ಕೈಗೆತ್ತಿಕೊಂಡೆ. ಆಗ ಅವಳು ಕೇಳಿದಳು: "ಮಾವ, ಅವನು ಆ ಅಮ್ಮನ ಹತ್ರ ವಾಪಸ್ ಹೋಗಲ್ವಾ?"

"ಯಾವ ಅಮ್ಮ?" ಅಂದೆ.

"ಅದೇ, ಸಾಕಿದ ಅಮ್ಮ. ಪಟ್ಟ ಕಟ್ಟೋವಾಗ ಎಲ್ಲರೂ ಇದ್ದರು. ಅವಳೊಬ್ಬಳೇ ಇರಲಿಲ್ಲ."

ನಿಜ. ಕೊನೆಯ ಅರ್ಧ ಗಂಟೆ ಅವಳು ಕಾಣಿಸಲೇ ಇಲ್ಲ. ಕುದುರೆ ಇತ್ತು, ಮಂತ್ರಿ ಇದ್ದ, ರಾಜಕುಮಾರಿ ಇದ್ದಳು. ನಗಿಸುವ ಗೆಳೆಯ ಕೂಡ ಹೊಸ ಪೇಟ ಕಟ್ಟಿಕೊಂಡು ಸಿಂಹಾಸನದ ಪಕ್ಕ ನಿಂತಿದ್ದ. ಅಷ್ಟು ವರ್ಷ ಅನ್ನ ಹಾಕಿದವಳು ಎಲ್ಲಿ ಹೋದಳು ಅಂತ ಯಾರಿಗೂ ನೆನಪಾಗಿಲ್ಲ. ಸಿನಿಮಾ ಮಾಡಿದವರಿಗೂ ಆಗಿಲ್ಲ, ನೋಡುತ್ತ ಕೂತಿದ್ದ ನನಗೂ ಆಗಿಲ್ಲ. ಹುಡುಗಿಗೆ ಏನೂ ಉತ್ತರ ಕೊಡಲಿಲ್ಲ ನಾನು. ಆ ರಾತ್ರಿ ತುಂಬ ಹೊತ್ತು ನಿದ್ದೆ ಹತ್ತಲಿಲ್ಲ. ಇಂಥದ್ದೇ ಒಂದು ಪ್ರಶ್ನೆಯನ್ನು ಬಹಳ ಹಿಂದೆ, ನನ್ನ 7ನೇ ವಯಸ್ಸಿನಲ್ಲಿ, ನಾಲೆ ಏರಿಯ ಮೇಲೆ ಕೇಳಿಸಿಕೊಂಡಿದ್ದೆ. ಅದಕ್ಕೂ ಉತ್ತರ ಹಾಗೇ ಬಾಕಿ ಉಳಿದಿತ್ತು.

ನೆಲದ ಟಿಕೆಟ್ಟು

ನಾನು 8 ವರ್ಷದ ತನಕ ಬೆಳೆದದ್ದು ಮಂಡ್ಯದ ಹತ್ತಿರದ ಒಂದು ಹಳ್ಳಿಯಲ್ಲಿ, ದೊಡ್ಡವ್ವನ ಮನೆಯಲ್ಲಿ. ತಂಗಿ ಹುಟ್ಟಿದ ಮೇಲೆ ಅಮ್ಮ ಹಾಸಿಗೆ ಹಿಡಿದಿದ್ದಳು. ಒಂದೂವರೆ ವರ್ಷದ ನನ್ನನ್ನು "ನಾಕ್ ತಿಂಗ್ಳು ನಾನ್ ನೋಡ್ಕೋತೀನಿ ಬುಡು" ಅಂತ ದೊಡ್ಡವ್ವ ಸೊಂಟದ ಮೇಲೆ ಕೂರಿಸಿಕೊಂಡು ಹೋದಳಂತೆ. ಆ ನಾಲ್ಕು ತಿಂಗಳು ಆರು ವರ್ಷ ದಾಟಿತು. ಅವಳಿಗೆ ಮಕ್ಕಳಿರಲಿಲ್ಲ. ನಾನು ಅವಳನ್ನು ಅವ್ವ ಅನ್ನುತ್ತಿದ್ದೆ, ಮೈಸೂರಿನಲ್ಲಿದ್ದವಳನ್ನು ಅಮ್ಮ ಅನ್ನುತ್ತಿದ್ದೆ. ಎರಡು ಪದ, ಇಬ್ಬರು ಜನ. ನನಗೇನೂ ಗೊಂದಲ ಇರಲಿಲ್ಲ.

ಪಕ್ಕದ ಊರಿನಲ್ಲಿ ಟೆಂಟು ಹಾಕಿದ್ದರು. ಕಬ್ಬು ಕಡಿಯುವ ಕಾಲ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ಆಲೆಮನೆಯ ಬೆಲ್ಲದ ವಾಸನೆ ಸಂಜೆಯಾದರೆ ಊರೆಲ್ಲ ತುಂಬಿಕೊಳ್ಳುತ್ತಿತ್ತು. ಟೆಂಟಿನ ಮೈಕಿನಲ್ಲಿ ದೇವರ ಹಾಡು ಶುರುವಾದರೆ ಟಿಕೆಟ್ಟು ಕೊಡುತ್ತಿದ್ದಾರೆ ಅಂತ ಅರ್ಥ. ದೊಡ್ಡವ್ವ ಬೇಗ ಬೇಗ ಒಲೆ ಕೆಂಡ ಆರಿಸಿ, ಗೋಣಿತಾಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಹುರಿದ ಅವರೆಕಾಳನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೊರಟಳು. ನಮ್ಮದು ಯಾವಾಗಲೂ ನೆಲದ ಟಿಕೆಟ್ಟು. ಪರದೆಗೆ ಹತ್ತಿರ, ಕತ್ತು ಮೇಲೆತ್ತಿ ನೋಡಬೇಕು. ಕುದುರೆಗಳು ನಮ್ಮ ಮೈಮೇಲೇ ಬರುವ ಹಾಗಿರುತ್ತಿದ್ದವು.

ಅವತ್ತಿನ ಸಿನಿಮಾದಲ್ಲೂ ಇದೇ ಕತೆ. ಆದರೆ ಅದರಲ್ಲಿ ದಾದಿಗೂ ಒಂದು ಕೂಸು. ರಾಜಕುಮಾರನ ವಯಸ್ಸಿನದೇ. ಕೊಲೆಗಾರರು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿಸುತ್ತದೆ. ಅವಳು ರಾಜಕುಮಾರನನ್ನು ತೊಟ್ಟಿಲಿಂದ ಎತ್ತಿ ಹಣ್ಣಿನ ಮಂಕರಿಯೊಳಗೆ ಮಲಗಿಸಿ ಮೇಲೆ ಎಲೆ ಮುಚ್ಚುತ್ತಾಳೆ. ಆಮೇಲೆ ತನ್ನ ಕೂಸನ್ನು ಅದೇ ತೊಟ್ಟಿಲಲ್ಲಿ ಮಲಗಿಸಿ, ರೇಷ್ಮೆ ಶಾಲು ಹೊದಿಸುತ್ತಾಳೆ. ಟೆಂಟಿನಲ್ಲಿ ಉಸಿರಿಲ್ಲ. ಮಂಕರಿ ಹೊತ್ತವನು ಕೋಟೆ ಬಾಗಿಲು ದಾಟಿದ ಕೂಡಲೇ ಗಂಡಸರ ಕಡೆಯಿಂದ ಸಿಳ್ಳೆ, ಚಪ್ಪಾಳೆ. ಸರಿಯಾಗಿ ಅಲ್ಲಿಗೆ ರೀಲು ಮುಗಿಯಿತು. ಒಂದೇ ಮಿಷಿನ್ನಿನ ಟೆಂಟು, ರೀಲು ಬದಲಿಸುವ ತನಕ ದೀಪ ಹಾಕುತ್ತಿದ್ದರು. ದೀಪ ಬಂತು. ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಗಟ್ಟಿಯಾಗಿ, ಬಳೆ ಒತ್ತಿ ಗುರುತು ಮೂಡುವಷ್ಟು. ಬಿಳಿ ಪರದೆಯ ಮೇಲೆ ಏನೂ ಇರಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು.

ಬರುವಾಗ ನಾಲೆ ಏರಿಯ ಮೇಲೆ ನಡೆದು ಬಂದೆವು. ನಾನು ಬಾಯಲ್ಲೇ ಕತ್ತಿ ಸದ್ದು ಮಾಡುತ್ತ ಮುಂದೆ ಮುಂದೆ ಓಡುತ್ತಿದ್ದೆ. ಅರ್ಧ ದಾರಿ ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಅಲ್ಲಾ ಕಣ್ ಮಗ, ಆ ಕೂಸಿನ್ ಎಸ್ರೇನು?"

"ರಾಜ್ಕುಮಾರಂದಾ?"

"ಅದಲ್ಲ ಕಣ್ಲಾ. ಆ ದಾದಿ ಕೂಸಿಂದು. ತೊಟ್ಲಲ್ ಮಲಗ್ಸುದ್ಲಲ್ಲ, ಅದ್ರುದ್ದು. ಒಂದ್ ಸಲನಾದ್ರೂ ಎಸ್ರಿಡ್ದು ಕೂಗ್ನಿಲ್ವಲ್ಲ." ಸ್ವಲ್ಪ ದೂರ ನಡೆದ ಮೇಲೆ ತನ್ನಷ್ಟಕ್ಕೆ ಅಂದಳು: "ಎಸ್ರಿಲ್ದಂಗೆ ಓಯ್ತು ಕೂಸು."

ಅಗಸನ ಗಂಟು

ದೊಡ್ಡವನಾದ ಮೇಲೆ ಗೊತ್ತಾಯಿತು, ಈ ಕತೆಯನ್ನು ಸಿನಿಮಾದವರು ಸುಮ್ನೆ ಹುಟ್ಟಿಸಿದ್ದಲ್ಲ ಅಂತ. ರಾಜಸ್ಥಾನದ ಮೇವಾಡದಲ್ಲಿ ಪನ್ನಾ ಅನ್ನುವ ದಾದಿಯನ್ನು ಇವತ್ತಿಗೂ ನೆನೆಯುತ್ತಾರೆ. 1536ರಲ್ಲಿ ಬನವೀರ ಚಿತ್ತೋಡಿನ ರಾಣಾನನ್ನು ಕೊಂದು, ಅವನ ತಮ್ಮ ಉದಯಸಿಂಹನನ್ನೂ ಮುಗಿಸಲು ಕತ್ತಿ ಹಿಡಿದು ಬಂದ. ಪನ್ನಾ ಉದಯಸಿಂಹನನ್ನು ಸಾಗಿಸಿ, ಅವನ ಜಾಗದಲ್ಲಿ ತನ್ನ ಮಗನನ್ನು ಮಲಗಿಸಿದಳು ಅಂತ ಕತೆ. ಉದಯಸಿಂಹ ಕುಂಭಲಗಡದ ಮರೆಯಲ್ಲಿ ಇದ್ದು, 1540ರ ಹೊತ್ತಿಗೆ ಪಟ್ಟಕ್ಕೆ ಬಂದ. ಮುಂದೆ ಉದಯಪುರ ಕಟ್ಟಿದ. ಪನ್ನಾಳ ಮಗನ ಹೆಸರು ಚಂದನ. ಇದನ್ನು ಓದಿದ ದಿನ ನನಗೆ ಸಮಾಧಾನವಾಯಿತು. ಆ ನಾಡಿನವರು ಒಂದು ಕೆಲಸ ಸರಿ ಮಾಡಿದ್ದಾರೆ. ಹುಡುಗನ ಹೆಸರನ್ನು ಕಳೆದುಹೋಗಲು ಬಿಟ್ಟಿಲ್ಲ. ಊರಿಗೆ ಫೋನು ಮಾಡಿ ದೊಡ್ಡವ್ವನಿಗೆ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ. ಅಷ್ಟು ವರ್ಷ ಆದ ಮೇಲೆ ಆ ಮಾತು ಹೇಗೆ ಎತ್ತುವುದು ಅಂತ ಸಂಕೋಚ.

ನಮ್ಮ ವಿಜಯನಗರದ ಕೊನೆಯ ದಿನಗಳಲ್ಲೂ ಹೀಗೆ ಒಂದು ಮಗು ಇದೆ. 1614ರಲ್ಲಿ ವೆಂಕಟಪತಿರಾಯ ತೀರಿಕೊಂಡ. ಶ್ರೀರಂಗಪಟ್ಟಣ ರಾಜ ಒಡೆಯರ ಕೈಗೆ ಬಂದು ಆಗ ಬರೀ 4 ವರ್ಷ. ತನ್ನ ನಂತರ ಪಟ್ಟಕ್ಕೆ ಅಂತ ರಾಯ ಆರಿಸಿದ್ದ ಶ್ರೀರಂಗನನ್ನು ಜಗ್ಗರಾಯ ಅನ್ನುವ ಸರದಾರ ಮನೆಮಂದಿಯ ಸಮೇತ ಸೆರೆಯಲ್ಲಿಟ್ಟ. ಕೊನೆಗೆ ಅವರನ್ನೆಲ್ಲ ಕೊಂದ. ಒಬ್ಬ ಹುಡುಗ ಮಾತ್ರ ಉಳಿದ, ಶ್ರೀರಂಗನ ಮಗ ರಾಮ. ಜಗ್ಗರಾಯನ ಎದುರಾಳಿ ಯಾಚಮ ನಾಯಕನ ಪರವಾಗಿ ಒಬ್ಬ ಅಗಸ, ಆ ಹುಡುಗನನ್ನು ಬಟ್ಟೆ ಗಂಟಿನಲ್ಲಿ ಸುತ್ತಿ, ಕಾವಲಿನವರ ಕಣ್ಣೆದುರೇ ಹೊತ್ತು ತಂದ. ಮುಂದೆ ತೋಪೂರಿನಲ್ಲಿ ದೊಡ್ಡ ಯುದ್ಧವಾಗಿ ಜಗ್ಗರಾಯ ಸತ್ತ. ಹುಡುಗ ರಾಮದೇವರಾಯನಾದ. ಆಗಿನ ಪೋರ್ಚುಗೀಸ್ ಪಾದ್ರಿಯೊಬ್ಬ ಇದನ್ನೆಲ್ಲ ಬರೆದಿಟ್ಟ. ನಾಯಕರ ಹೆಸರು ಗೊತ್ತು, ಯುದ್ಧದ ಹೆಸರು ಗೊತ್ತು. ನಾನು ಓದಿದ ಕಡೆಯೆಲ್ಲ ಅವನು ಮಾತ್ರ ಬರೀ "ಅಗಸ". ಆ ಗಂಟು ಎಷ್ಟು ಭಾರ ಇದ್ದಿರಬೇಕು ಅಂತ ಯೋಚಿಸುತ್ತೇನೆ. ಮೈಲಿಗೆ ಬಟ್ಟೆ ಗಂಟು ಹೊತ್ತವನ ನಡಿಗೆಯೇ ಬೇರೆ, ಹುಡುಗನನ್ನು ಹೊತ್ತವನ ನಡಿಗೆಯೇ ಬೇರೆ. ಭಾರ ಮರೆಸಿಕೊಂಡು, ದಿನಾ ನಡೆಯುವ ಹಾಗೇ ನಡೆಯಬೇಕು. ಒಳಗೆ ಹುಡುಗ ಕೆಮ್ಮಬಾರದು. ಯಾವ ಕತ್ತಿವರಸೆಗೂ ಇಷ್ಟು ಧೈರ್ಯ ಬೇಕಿಲ್ಲ. ನನ್ನನ್ನು ಕೇಳಿದರೆ ಇಡೀ ಸಿನಿಮಾ ಆ ಕೆಲವು ಹೆಜ್ಜೆಗಳದ್ದೇ ಆಗಬೇಕು.

ಮಯೂರ ಮತ್ತು ತಾಳಗುಂದದ ಕಂಬ

ನಮ್ಮಲ್ಲಿ ಈ ಬಗೆಯ ಸಿನಿಮಾ ಅಂದರೆ ಮೊದಲು ನೆನಪಾಗುವುದು 1975ರ 'ಮಯೂರ'. ದೇವುಡು ಅವರ ಕಾದಂಬರಿಯಿಂದ ಬಂದ ಕತೆ. ರಾಜ್‌ಕುಮಾರ್ ಅವರ ಮಯೂರ ಬ್ರಾಹ್ಮಣರ ಹುಡುಗನಾಗಿ ಬೆಳೆದವನು. ತಾನು ಕದಂಬ ರಾಜರ ಕುಡಿ ಅಂತ ಅವನಿಗೆ ಆಮೇಲೆ ತಿಳಿಯುತ್ತದೆ. ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಇವತ್ತು ಹಾಕಿದರೂ ಕೂತು ನೋಡುತ್ತೇನೆ. ಆದರೆ ಶಿಕಾರಿಪುರದ ಹತ್ತಿರ ತಾಳಗುಂದದಲ್ಲಿ ಒಂದು ಕಂಬದ ಶಾಸನ ಇದೆಯಲ್ಲ, ಕುಬ್ಜ ಅನ್ನುವ ಕವಿ ಬರೆದದ್ದು, ಅದರಲ್ಲಿ ಅಡಗಿಸಿಟ್ಟ ರಾಜಕುಮಾರ ಯಾರೂ ಇಲ್ಲ. ಓದಲು ಗುರು ವೀರಶರ್ಮರ ಜತೆ ಕಂಚಿಗೆ ಹೋದ ಹುಡುಗ ಇದ್ದಾನೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜತೆ ಜಗಳ. ಅವಮಾನ. ದರ್ಭೆ, ಸಮಿತ್ತು ಹಿಡಿದು ಪಳಗಿದ ಕೈ ಕತ್ತಿ ಹಿಡಿಯಿತು ಅಂತ ಶಾಸನ ಹೇಳುತ್ತದೆ. ಅಷ್ಟೇ. ಅವನ ಹಿಂದೆ ಮಚ್ಚೆಯೂ ಇಲ್ಲ, ತಾಯತವೂ ಇಲ್ಲ.

ಸಿನಿಮಾ ನೋಡುವ ನಮಗೆ ಅದು ಸಾಕಾಗುವುದಿಲ್ಲ ಅನ್ನಿಸುತ್ತದೆ. ಗೆದ್ದವನು ಹುಟ್ಟಿನಿಂದಲೇ ರಾಜ ಅಂತ ಗೊತ್ತಾದರೆ ನಮಗೆ ನೆಮ್ಮದಿ. ಹಾಗೆ ಮಾಡಿದ ಕೂಡಲೇ ಸಾಕಿದವರ ಪಾಲು ಕಡಿಮೆಯಾಗುತ್ತದೆ, ಅಲ್ವಾ? ಎಲ್ಲ ರಕ್ತದಲ್ಲೇ ಇತ್ತು ಅಂದಮೇಲೆ ಅನ್ನ ಹಾಕಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಬರೀ ಕಾವಲಿಗೆ ಇದ್ದ ಹಾಗಾಯಿತು. ಒಡೆಯರು ಬಂದಾಗ ವಸ್ತು ಒಪ್ಪಿಸಿ ಬದಿಗೆ ಸರಿಯಬೇಕು. ಅದಕ್ಕೇ ಅವಳು ಪಟ್ಟಾಭಿಷೇಕದಲ್ಲಿ ಇರುವುದಿಲ್ಲ.

ಪಟ್ಟಣದ ಹುಡುಗ

ಮಾರನೇ ದಿನ ಹುಡುಗಿಯನ್ನು ಪಟ್ಟಣಕ್ಕೆ ಕರೆದುಕೊಂಡು ಹೋದೆ. ಶ್ರೀರಂಗಪಟ್ಟಣವನ್ನು ನಾವೆಲ್ಲ ಪಟ್ಟಣ ಅಂತಲೇ ಕರೆಯುವುದು. ಪ್ರವಾಸಿಗರ ಬಸ್ಸುಗಳು ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮ ಅಂತ ಸುತ್ತುತ್ತವೆ. ರಂಗನಾಥನ ಗುಡಿಯ ಹತ್ತಿರ, ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ ಜಾಗ ಅಂತ ಗುರುತಿಸಿ ಕಟ್ಟಿದ ಚಿಕ್ಕ ಮಂಟಪ ಒಂದಿದೆ. ನಾವು ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಅದರ ಕಟ್ಟೆ ಮೇಲೆ ಕೂತು ಅವಳಿಗೆ ಕತೆ ಹೇಳಿದೆ. ನಿನ್ನೆ ನೋಡಿದ್ದಕ್ಕಿಂತ ದೊಡ್ಡ ಕತೆ ಇಲ್ಲೇ ನಡೆದಿದೆ ಅಂದೆ.

1794ರ ಜುಲೈ 14ರಂದು ಒಂದು ಗಂಡು ಮಗು ಹುಟ್ಟಿತು. ಒಡೆಯರ ಮನೆತನ ಹೆಸರಿಗೆ ಮಾತ್ರ ಉಳಿದಿದ್ದ ಕಾಲ. ಮಗುವಿಗೆ 2 ವರ್ಷ ಆಗುವ ಹೊತ್ತಿಗೆ, 1796ರಲ್ಲಿ, ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಆ ಜಾಗದಲ್ಲಿ ಟಿಪ್ಪು ಸುಲ್ತಾನ್ ಇನ್ನೊಬ್ಬರನ್ನು ಕೂರಿಸಲಿಲ್ಲ. ಕುಟುಂಬವನ್ನು ಅರಮನೆಯಿಂದ ಬಡಮನೆಯೊಂದಕ್ಕೆ ಕಳಿಸಿದರು. ಸಿನಿಮಾದ ಹಾಗೆ ಯಾರೂ ಈ ಮಗುವನ್ನು ಕಾಡಿಗೆ ಹೊತ್ತುಕೊಂಡು ಹೋಗಲಿಲ್ಲ. ಕೋಟೆಯ ಒಳಗೇ ಇತ್ತು, ಇದ್ದೂ ಇಲ್ಲದ ಹಾಗೆ ಇತ್ತು. ಜತೆಗಿದ್ದ ಅಜ್ಜಿ ರಾಣಿ ಲಕ್ಷ್ಮಮ್ಮಣ್ಣಿಯವರು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. ರಾಜ್ಯ ವಾಪಸ್ ಪಡೆಯಲು 1782ರಲ್ಲೇ ತಮ್ಮ ಪ್ರತಿನಿಧಿ ತಿರುಮಲರಾಯರ ಮೂಲಕ ತಂಜಾವೂರಿನಲ್ಲಿ ಇಂಗ್ಲಿಷರ ಜತೆ ಒಪ್ಪಂದ ಮಾಡಿಸಿದ್ದ ಗಟ್ಟಿಗಿತ್ತಿ. ಮಗು ಹುಟ್ಟುವುದಕ್ಕೆ 12 ವರ್ಷ ಮೊದಲಿನ ಮಾತು ಅದು.

1799ರ ಏಪ್ರಿಲ್ಲಿನಲ್ಲಿ ಇಂಗ್ಲಿಷರ, ನಿಜಾಮರ ಸೈನ್ಯ ಪಟ್ಟಣವನ್ನು ಸುತ್ತುವರಿಯಿತು. ಒಂದು ತಿಂಗಳು ತೋಪಿನ ಸದ್ದು. ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತರು. ಆ ತಿಂಗಳೆಲ್ಲ ಈ ಹುಡುಗ ಕೋಟೆಯ ಒಳಗೇ ಇದ್ದ. 5 ತುಂಬದ ಹುಡುಗ. ಗುಂಡು ಬೀಳುವ ರಾತ್ರಿ ಅವನ ಕಿವಿ ಮುಚ್ಚಿದ ಕೈ ಯಾರದ್ದು? ಅವತ್ತು ಅವನಿಗೆ ಏನು ತಿನ್ನಿಸಿದರು? ನನಗೆ ಬೇಕಾದ ಸಿನಿಮಾ ಅದು.

ಆಮೇಲೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಆ ಮನೆಗೆ ಬಂದರು. ಹುಡುಗನನ್ನು ಕಂಡದ್ದನ್ನು ಬರೆದಿಟ್ಟಿದ್ದಾರೆ. ನಾವು ಒಳಗೆ ಹೋದಾಗ ಮೊದಲು ಹೆದರಿದ, ಸ್ವಲ್ಪ ಹೊತ್ತಿಗೆ ಆ ಹೆದರಿಕೆ ಹೋಯಿತು, ಅಂಜುವ ಸ್ವಭಾವದವನ ಹಾಗೆ ಕಾಣುತ್ತಾನೆ, ತುಂಬ ಕಟ್ಟುಪಾಡಿನಲ್ಲಿ ಬೆಳೆದ ಹಾಗಿದೆ ಅಂತ. ಇಡೀ ಯುದ್ಧದ ಕಡತದಲ್ಲಿ ನನಗೆ ಇಷ್ಟು ತಾಗಿದ ಮಾತು ಬೇರೆ ಇಲ್ಲ. ಕತೆಯಲ್ಲಿ ರಾಜಕುಮಾರನ ಗುರುತು ಮಚ್ಚೆಯಿಂದ ಸಿಗುತ್ತದೆ. ಇಲ್ಲಿ ಬಂದವರು ಕಂಡದ್ದು ಹೆದರಿದ ಮಗುವನ್ನು. ಜೂನ್ 30ರಂದು ಮೈಸೂರಿನಲ್ಲಿ ಪಟ್ಟ. ಅಲ್ಲಿನ ಹಳೇ ಕೋಟೆ, ಅರಮನೆ ಮೊದಲೇ ಕೆಡವಿದ್ದರಿಂದ ಚಪ್ಪರ ಹಾಕಿ ಕಟ್ಟಿದರು. ಒಂದು ಕೈಯನ್ನು ಜನರಲ್ ಹ್ಯಾರಿಸ್, ಇನ್ನೊಂದು ಕೈಯನ್ನು ನಿಜಾಮರ ಕಡೆಯ ಮೀರ್ ಆಲಂ ಹಿಡಿದು ಹುಡುಗನನ್ನು ಸಿಂಹಾಸನಕ್ಕೆ ಕರೆದೊಯ್ದರು. 5 ತುಂಬಲು ಇನ್ನೂ ಎರಡು ವಾರ ಬಾಕಿ.

ಇದೇ ಪಟ್ಟಣದ ಇನ್ನೂ ಕೆಲವು ಮಕ್ಕಳನ್ನು ಬಿಟ್ಟು ಈ ಕತೆ ಹೇಳಬಾರದು. 1792ರಲ್ಲಿ ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಗಿ ಇಂಗ್ಲಿಷರಿಗೆ ಕೊಡಬೇಕಾಯಿತು. ಅವರನ್ನು ಮದ್ರಾಸಿನಲ್ಲಿ ಇಟ್ಟುಕೊಂಡು, 1794ರಲ್ಲಿ ವಾಪಸ್ ಕಳಿಸಿದರು. ಮುಮ್ಮಡಿಯವರು ಹುಟ್ಟಿದ್ದೂ ಅದೇ ವರ್ಷ. ಆ ಹುಡುಗರು ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಮುಂದೆ ನಿಂತ ಚಿತ್ರಗಳನ್ನು ಆಗಿನ ಇಂಗ್ಲಿಷ್ ಚಿತ್ರಕಾರರು ಬರೆದೂ ಬರೆದೂ ಇಟ್ಟರು. 1799ರಲ್ಲಿ ಟಿಪ್ಪುವಿನ ಮನೆಯವರನ್ನು ವೆಲ್ಲೂರಿಗೆ ಸಾಗಿಸಿದರು. ಒಂದು ಮನೆಯ ಹುಡುಗ ಬೆಳಕಿಗೆ ಬಂದ, ಇನ್ನೊಂದು ಮನೆಯ ಹುಡುಗರು ಊರು ಬಿಟ್ಟರು. ಆ ಮಕ್ಕಳ ಕಡೆಯಿಂದ ನೋಡಿದರೆ ಶುಭಂ ಅಂತ ಎಲ್ಲಿ ಹಾಕುವುದು?

ಹುಡುಗಿ ಎಲ್ಲ ಕೇಳಿಸಿಕೊಂಡು, "ಆ ಮನೇಲಿ ಅವನಿಗೆ ಆಟ ಆಡೋಕೆ ಬಿಡ್ತಿದ್ರಾ?" ಅಂದಳು. ಆಗ ನನಗೆ ಮುಮ್ಮಡಿಯವರ ಆಟಗಳು ನೆನಪಾದವು. ದೊಡ್ಡವರಾದ ಮೇಲೆ ಅವರು ಎಷ್ಟೊಂದು ಮಣೆ ಆಟ, ಗಂಜೀಫಾ ಎಲೆ ಆಟ ಕಟ್ಟಿದರು. ಅವರ ಶ್ರೀತತ್ತ್ವನಿಧಿ ಅನ್ನುವ ಗ್ರಂಥದಲ್ಲಿ ಆಟಗಳಿಗೇ ಒಂದು ಭಾಗ ಇದೆ. ಚದುರಂಗದ ಕುದುರೆ 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಟ್ಟು ಬರುವ ದಾರಿಗಳನ್ನು ಬಿಡಿಸಿಟ್ಟರು. ಅವರು ರಾಜ್ಯ ಆಳಿದ ಕಾಲ ಕಡಿಮೆ. 1811ರ ತನಕ ದಿವಾನ್ ಪೂರ್ಣಯ್ಯನವರ ಆಡಳಿತ, 1831ರಲ್ಲಿ ಇಂಗ್ಲಿಷರು ಅಧಿಕಾರವನ್ನೇ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವ ತನಕ, 37 ವರ್ಷ, ಅದನ್ನು ವಾಪಸ್ ಕೇಳುತ್ತಲೇ ಇದ್ದರು. ಹೊರಗೆ ಬಿಡದ ಮನೆಯ ಮೂಲೆಯಲ್ಲಿ ಕೂತಿದ್ದ ಹುಡುಗ, ಕೂತಲ್ಲೇ ಎಲ್ಲ ಮನೆ ಸುತ್ತಿ ಬರುವ ಕುದುರೆಯ ದಾರಿ ಹುಡುಕಿದ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ. ಆದರೂ ಬಿಡಲು ಮನಸ್ಸಿಲ್ಲ. ಅವತ್ತು ಸಂಜೆ ಹುಡುಗಿ ಚೆಸ್ ಬೋರ್ಡು ಹರಡಿಕೊಂಡು, ಕುದುರೆ ಹೋದ ಮನೆಯಲ್ಲೆಲ್ಲ ಹುಣಸೆ ಬೀಜ ಇಡುತ್ತ ಕೂತಳು. 51 ಮನೆ ತನಕ ಹೋಗಿ ಸಿಕ್ಕಿಕೊಂಡಳು.

ರೇಷನ್ ಕಾರ್ಡು

ನನ್ನನ್ನೂ ಹಾಗೇ ಒಂದು ದಿನ ಕರೆದುಕೊಂಡು ಬಂದರು. ಬೇಸಿಗೆ ರಜೆ ಮುಗಿಯುತ್ತಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ಮೈಸೂರಿನಿಂದ ಬಂದರು. ಹೊಸ ಶರ್ಟು ತಂದಿದ್ದರು. ಇನ್ನು ಮೇಲೆ ಮೈಸೂರಿನಲ್ಲೇ ಸ್ಕೂಲು ಅಂದರು. ಯಾರ ತಪ್ಪೂ ಇಲ್ಲ, ಅಮ್ಮ ಹುಷಾರಾಗಿದ್ದಳು, ಮಗ ಮನೆಗೆ ಬರಬೇಕು. ದೊಡ್ಡವ್ವ ಶರ್ಟಿನ ಗುಂಡಿ ಹಾಕಿದಳು, ತಲೆಗೆ ಎಣ್ಣೆ ಹಚ್ಚಿ ಬಾಚಿದಳು. "ಬಸ್ಸಿನ್ ತಾವ್ಕೆ ನಾನ್ ಬರಲ್ಲ, ಎಮ್ಮೆ ಕರೀಬೇಕು" ಅಂದಳು. ಎಮ್ಮೆ ಕರೆಯುವ ಹೊತ್ತಾಗಿರಲಿಲ್ಲ. ನಾಲೆ ಏರಿ ಮೇಲೆ ಅಪ್ಪ ಒಂದು ಕೈ, ಚಿಕ್ಕಪ್ಪ ಒಂದು ಕೈ ಹಿಡಿದುಕೊಂಡು ನಡೆಸಿದರು. ಹೊಸ ಶರ್ಟಿನ ಖುಷಿಯಲ್ಲಿ ನಾನು ತಿರುಗಿ ನೋಡಲಿಲ್ಲ. ಹಬ್ಬಕ್ಕೆ, ಜಾತ್ರೆಗೆ ಹೋಗುತ್ತಿದ್ದೆ. ಬರಬರುತ್ತ ವರ್ಷಕ್ಕೊಂದು ಸಲ ಆಯಿತು. ಅವ್ವ ಅನ್ನುತ್ತಿದ್ದವನು ಯಾವಾಗ ದೊಡ್ಡವ್ವ ಅನ್ನಲು ಶುರು ಮಾಡಿದೆ ಅಂತ ನೆನಪಿಲ್ಲ. ಅವಳು ತಿದ್ದಲಿಲ್ಲ.

ಅವಳು ಹೋಗಿ 4 ವರ್ಷ ಆಯಿತು. ತಿಥಿ ಮುಗಿದ ಮೇಲೆ ಅಮ್ಮನೂ ನಾನೂ ಅವಳ ಟ್ರಂಕು ತೆಗೆದೆವು. ಎರಡು ರೇಷ್ಮೆ ಸೀರೆ, ಪಹಣಿ ಪತ್ರಗಳು, ದೊಡ್ಡಪ್ಪನ ಕನ್ನಡಕ. ಎಲ್ಲದರ ಕೆಳಗೆ ಒಂದು ಪುಟ್ಟ ಕುಲಾವಿ. ಹಳದಿ ತಿರುಗಿತ್ತು. ಇದು ನಂದಾ ಅಂದೆ. ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. "ನಿಂದಲ್ಲ. ಅಕ್ಕನಿಗೆ ಒಂದು ಹುಟ್ಟಿತ್ತು. ನಿನಗಿಂತ ಮುಂಚೆ. ಒಂಬತ್ತು ದಿನ ಇತ್ತು, ಹೆಸರಿಟ್ಟಿರಲಿಲ್ಲ" ಅಂದಳು. ಅಷ್ಟು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಕುಲಾವಿಯ ಜತೆ ಒಂದು ಹಳೇ ರೇಷನ್ ಕಾರ್ಡು ಮಡಚಿ ಇಟ್ಟಿದ್ದಳು. ಅದು ರದ್ದಾಗಿ ಎಷ್ಟೋ ವರ್ಷ ಆಗಿದೆ. ಆಮೇಲೆ ಎರಡು ಹೊಸ ಕಾರ್ಡು ಬಂದಿದ್ದವು, ಅವು ಅಡುಗೆಮನೆಯ ಗೂಡಿನಲ್ಲಿ ಬೇರೆ ಇದ್ದವು. ಇದೊಂದನ್ನು ಮಾತ್ರ ಟ್ರಂಕಿನಲ್ಲಿ ಇಟ್ಟಿದ್ದಳು. ಮಡಿಕೆಯಲ್ಲಿ ಹರಿದು, ಗೋಧಿಹಿಟ್ಟಿನ ಅಂಟು ಹಾಕಿ ಹಿಂದೆ ಕಾಗದ ಅಂಟಿಸಿದ್ದಳು. ಒಳಗೆ ನೀಲಿ ಶಾಯಿಯಲ್ಲಿ ಮೂರು ಸಾಲು. ಮೊದಲು ದೊಡ್ಡಪ್ಪ, ಆಮೇಲೆ ಅವಳು. ಮೂರನೇ ಸಾಲಿನಲ್ಲಿ ನನ್ನ ಹೆಸರು. ವಯಸ್ಸು 6. ಸಂಬಂಧ: ಮಗ.